ಹಿಂಡುವ ಚೆಂಡು

ಮನುಷ್ಯನ ಮೈಯಲ್ಲಿ ಸುಮ್ಮನಿರುವುದನ್ನು ಎಂದೂ ಕಲಿಯದ ಅಂಗಗಳು ಎರಡು. ಒಂದು ನಾಲಗೆ, ಇನ್ನೊಂದು ಕೈ. ನಾಲಗೆಯ ಚಾಪಲ್ಯವನ್ನು ಕುರಿತು ನಮ್ಮ ದಾಸರೂ ಶರಣರೂ ಬೇಕಾದಷ್ಟು ಬುದ್ಧಿ ಹೇಳಿದ್ದಾರೆ. ಕೈ ಮಾತ್ರ ಹೇಗೋ ಅವರ ಕಣ್ಣು ತಪ್ಪಿಸಿಕೊಂಡಂತೆ ತೋರುತ್ತದೆ. ಆದರೆ ಮನಸ್ಸಿನ ಗುಟ್ಟನ್ನು ನಾಲಗೆಗಿಂತ ಮೊದಲು ಬಯಲು ಮಾಡುವುದು ಕೈಯೇ. ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. ಸಂದರ್ಶನಕ್ಕೆ ಬಂದ ತರುಣ ಒಣಗಿದ ಕರವಸ್ತ್ರವನ್ನೇ ಹಿಂಡುತ್ತಾನೆ. ಮಗಳ ಮದುವೆಯ ಮಾತುಕತೆಗೆ ಕುಳಿತ ತಂದೆಯ ಬೆರಳಲ್ಲಿ ಬೀಗದ ಕೈಗೊಂಚಲು ಗಿರಗಿರನೆ ತಿರುಗುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತ ನನ್ನಂಥ ಅಧ್ಯಾಪಕರು ಉತ್ತರಪತ್ರಿಕೆಯನ್ನು ಇಣುಕಿ ನೋಡಬೇಕಾದ ಅಗತ್ಯವೇ ಇಲ್ಲ. ಬರೆಯದೆ ಬಿಡುವಾಗಿರುವ ಎಡಗೈ ಏನು ಮಾಡುತ್ತಿದೆಯೆಂದು ನೋಡಿದರೆ ಸಾಕು, ಬಲಗೈ ಏನು ಬರೆಯುತ್ತಿದೆಯೆಂಬುದು ತಾನಾಗಿ ತಿಳಿಯುತ್ತದೆ.

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರ ಮಾತು. ನಮ್ಮ ಕಾಲದ ವರ್ತಕರು ಆ ಸೊನ್ನೆಯನ್ನೇ ಒಂದು ಆಟಿಕೆಯನ್ನಾಗಿ ಮಾಡಿ ಮಾರತೊಡಗಿದ್ದಾರೆ. ಅದು ಅಂಗೈಯಲ್ಲಿ ಅಡಗುವಷ್ಟು ಗಾತ್ರದ ಮೆತ್ತನೆಯ ಚೆಂಡು. ಹಿಸುಕಿದರೆ ಕುಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಉಬ್ಬುತ್ತದೆ. ಇದಕ್ಕೆ ‘ಸ್ಟ್ರೆಸ್ ಬಾಲ್’ ಎಂದು ಹೆಸರು. ಬೆಕ್ಕಿನ ಮುಖ, ಬನ್ನು, ಅನಾನಸು ಮುಂತಾದ ರೂಪಗಳನ್ನು ತಾಳಿದಾಗ ‘ಸ್ಕ್ವಿಶಿ’ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ಮೃದುಕಂದುಕ’ ಎಂದು ಕರೆಯಬಹುದೆಂದು ನಾನು ಮನೆಯಲ್ಲಿ ಸೂಚಿಸಿದೆ. ಆ ಹೆಸರು ಹೇಳಿಕೊಂಡು ಹೋದರೆ ಯಾವ ಅಂಗಡಿಯವನೂ ಸಾಮಾನು ಕೊಡಲಾರನೆಂದು ನನ್ನ ಶ್ರೀಮತಿ ತೀರ್ಪಿತ್ತಳು. ಆದುದರಿಂದ ‘ಹಿಂಡುವ ಚೆಂಡು’ ಎಂದೇ ಇಟ್ಟುಕೊಳ್ಳೋಣ. ಮಕ್ಕಳು ಇದಕ್ಕಾಗಿ ಹಟ ಹಿಡಿಯುತ್ತಾರೆ. ದೊಡ್ಡವರು ಮಕ್ಕಳಿಗೆಂದು ಕೊಂಡು ತಂದು ತಾವೇ ಹಿಂಡುತ್ತಾ ಕುಳಿತುಕೊಳ್ಳುತ್ತಾರೆ. ಮೇಲಧಿಕಾರಿಯೊಡನೆ ವಾದಿಸಲಾರದ ಗುಮಾಸ್ತನಿಗೆ ಇದಕ್ಕಿಂತ ನಿರಪಾಯವಾದ ಪ್ರತೀಕಾರ ಬೇರೊಂದಿಲ್ಲ!

ಮಕ್ಕಳ ಹಟವೆಂದಾಗ ಶೂದ್ರಕನ ‘ಮೃಚ್ಛಕಟಿಕ’ ನೆನಪಿಗೆ ಬರುತ್ತದೆ. ಬಡವನಾದ ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ ಬಂದಿದ್ದಾನೆ. ಮನೆಯ ದಾಸಿ ರದನಿಕೆ ಮಾಡಿಕೊಟ್ಟ ಮಣ್ಣಿನ ಬಂಡಿ ಅವನಿಗೆ ಬೇಡ. ಮಗುವಿನ ಅಳುವನ್ನು ನೋಡಲಾರದೆ ವಸಂತಸೇನೆ ತನ್ನ ಒಡವೆಗಳನ್ನೆಲ್ಲ ಕಳಚಿ ಮಣ್ಣಿನ ಬಂಡಿಯಲ್ಲಿ ತುಂಬಿಬಿಡುತ್ತಾಳೆ. ಮುಂದೆ ಅದೇ ಒಡವೆಗಳು ನ್ಯಾಯಸ್ಥಾನದಲ್ಲಿ ಕೆಳಗೆ ಬಿದ್ದು ಚಾರುದತ್ತನ ಮೇಲಿನ ಕೊಲೆಯ ಆರೋಪಕ್ಕೆ ಸಾಕ್ಷಿಯಾಗುತ್ತವೆ; ಅವನು ವಧ್ಯಸ್ಥಾನದವರೆಗೆ ನಡೆಯಬೇಕಾಗುತ್ತದೆ. ಅಂಗಡಿಯ ಆಟಿಕೆಗೂ ಮನೆಯ ಆಟಿಕೆಗೂ ನಡುವಣ ಈ ಜಗಳ ಇಂದು ನಿನ್ನೆಯದಲ್ಲವೆಂದು ತಿಳಿಸುವುದಕ್ಕಾಗಿ ಇಷ್ಟು ಹೇಳಿದೆ. ಮಣ್ಣಿನ ಬಂಡಿಯ ಪಕ್ಷವನ್ನು ವಹಿಸಿ, ಹಿಂಡುವ ಚೆಂಡನ್ನು ಮನೆಯಲ್ಲಿಯೇ ಮಾಡುವ ಬಗೆಯನ್ನು ಈ ವಾರ ವಿವರಿಸಬೇಕೆಂದು ನನ್ನ ಸಂಕಲ್ಪ. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಡುಗೆಮನೆಯ ಡಬ್ಬಿಗಳಲ್ಲಿ ಈಗಾಗಲೇ ಇದೆ. ಎರಡು ಬಲೂನುಗಳನ್ನು ಮಾತ್ರ ಹೊರಗಿನಿಂದ ತರಬೇಕು.

ಬಲೂನಿಗೂ ಹಿಟ್ಟಿಗೂ ಇರುವ ನಂಟು ಬಲು ಹಳೆಯದು. 1824ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಜಲಜನಕವನ್ನು ತುಂಬಿ ಪ್ರಯೋಗ ನಡೆಸುವುದಕ್ಕಾಗಿ ರಬ್ಬರಿನ ಬಲೂನನ್ನು ತಯಾರಿಸಿದ. ಎರಡು ರಬ್ಬರಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಅಂಚುಗಳನ್ನು ಒತ್ತಿದರೆ, ಹಸಿ ರಬ್ಬರು ಅಂಟಾಗಿದ್ದುದರಿಂದ, ಅವು ತಾವಾಗಿ ಬೆಸೆದುಕೊಳ್ಳುತ್ತಿದ್ದವು. ನಡುವಿನ ಭಾಗವೂ ಹಾಗೆಯೇ ಅಂಟಿಕೊಳ್ಳಬಾರದೆಂದು ಆತ ಒಳಮೈಗೆ ಹಿಟ್ಟನ್ನು ಸವರಿದ. ಪ್ರಪಂಚಕ್ಕೆ ವಿದ್ಯುಜ್ಜನಕದ ತತ್ತ್ವವನ್ನು ತೋರಿಸಿಕೊಟ್ಟ ಮಹನೀಯನ ಕೈಗೂ ಹಿಟ್ಟು ಮೆತ್ತಿಕೊಂಡಿತ್ತೆಂಬುದು ನಮ್ಮಂಥವರಿಗೆ ಸಮಾಧಾನದ ವಿಷಯ.

ಇನ್ನು ಮಾಡುವ ಕ್ರಮ. ದಪ್ಪನೆಯ ರಬ್ಬರಿನ, ಊದಿದಾಗ 12 ಅಂಗುಲವಾಗುವ ಎರಡು ಬಲೂನುಗಳು ಬೇಕು. ಹೊಸ ಬಲೂನು ಬಿಗಿಯಾಗಿರುತ್ತದೆ. ಒಮ್ಮೆ ಊದಿ, ಗಾಳಿ ಬಿಟ್ಟರೆ ಹದಕ್ಕೆ ಬರುತ್ತದೆ. ಅಕ್ಕಿಹಿಟ್ಟನ್ನಾಗಲಿ ಮೈದಾಹಿಟ್ಟನ್ನಾಗಲಿ ಅರ್ಧ ಬಟ್ಟಲು, ಎಂದರೆ ಸುಮಾರು 120 ಮಿಲಿಲೀಟರ್ ಹಿಡಿಯುವಷ್ಟು ತೆಗೆದುಕೊಂಡು, ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ ಹುರಿಯಬೇಕು. ತೇವವೆಲ್ಲ ಆರಿಹೋಗಲೆಂದು ಈ ಉಪಾಯ. ತೇವವಿದ್ದರೆ ಕೆಲವು ವಾರಗಳಲ್ಲಿ ಹಿಟ್ಟು ಮುಗ್ಗಲು ಹಿಡಿಯುತ್ತದೆ ಅಥವಾ ಹುಳುವಿಗೆ ಮನೆಯಾಗುತ್ತದೆ. ಹುರಿದ ಹಿಟ್ಟು ಪೂರ್ತಿಯಾಗಿ ತಣಿಯುವವರೆಗೆ ಕಾಯಬೇಕು. ಮಕ್ಕಳಿಗೆ ಇದೇ ಅತ್ಯಂತ ಕಷ್ಟದ ಘಟ್ಟ.

ಹಿಟ್ಟನ್ನು ತುಂಬುವುದರಲ್ಲಿ ಒಂದು ಜಾಣತನವಿದೆ. ಆಲಿಕೆಯನ್ನು ಬಲೂನಿನ ಬಾಯಿಗಿಟ್ಟು ಸುರಿದರೆ ಹಿಟ್ಟು ಕೊರಳಿನಲ್ಲಿಯೇ ಕಟ್ಟಿಕೊಂಡು ನಿಲ್ಲುತ್ತದೆ; ಕಡ್ಡಿಯಿಂದ ತಿವಿಯುತ್ತಾ ಕೂಡಬೇಕಾಗುತ್ತದೆ. ಇದಕ್ಕಿಂತ ಸುಲಭವಾದುದು ಸೀಸೆಯ ಮಾರ್ಗ. ಚೆನ್ನಾಗಿ ಒಣಗಿದ ಪ್ಲಾಸ್ಟಿಕ್ ನೀರಿನ ಸೀಸೆಗೆ ಮೊದಲು ಹಿಟ್ಟನ್ನು ಹಾಕಿ. ಬಲೂನನ್ನು ಒಂದಿಷ್ಟು ಊದಿ, ಗಾಳಿ ಹೋಗದಂತೆ ಕೊರಳನ್ನು ತಿರುಚಿ ಹಿಡಿದು, ಅದರ ಬಾಯನ್ನು ಸೀಸೆಯ ಬಾಯಿಗೆ ತೊಡಿಸಿ. ಈಗ ಸೀಸೆಯನ್ನು ತಲೆಕೆಳಗು ಮಾಡಿ, ತಿರುಚನ್ನು ಬಿಚ್ಚಿ, ಸೀಸೆಯನ್ನು ಮೆಲ್ಲಗೆ ಅದುಮಿದರೆ ಹಿಟ್ಟು ಸರಸರನೆ ಬಲೂನಿಗೆ ಇಳಿಯುತ್ತದೆ. ಅನಂತರ ಬಲೂನಿನ ಕೊರಳನ್ನು ಹಿಡಿದು ಸೀಸೆಯಿಂದ ಬಿಡಿಸಿ, ಒಳಗಿನ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡಬೇಕು. ಅವಸರದಿಂದ ಬಿಟ್ಟರೆ ಗಾಳಿಯೊಡನೆ ಹಿಟ್ಟೂ ಹೊರಟು ಮುಖಕ್ಕೆ ಉಚಿತವಾಗಿ ಪೌಡರು ಹಚ್ಚಿದಂತಾಗುತ್ತದೆ. ಗಾಳಿಯೆಲ್ಲ ಹೋದ ಮೇಲೆ ಬಿಗಿಯಾಗಿ ಗಂಟು ಹಾಕಿ, ಮಿಕ್ಕ ಬಾಲವನ್ನು ಗಂಟಿನ ಬಳಿ ಕತ್ತರಿಸಿ. ಎರಡನೆಯ ಬಲೂನಿನ ಕೊರಳನ್ನು ಕತ್ತರಿಸಿ ತೆಗೆದು, ಮೊದಲನೆಯದರ ಗಂಟು ಒಳಗೆ ಅಡಗುವಂತೆ ಮೇಲೆ ತೊಡಿಸಿದರೆ ಚೆಂಡು ಸಿದ್ಧ. ಎರಡು ಪದರವಿದ್ದರೆ ಬಾಳಿಕೆ ಹೆಚ್ಚು. ಒಂದು ಹರಿದರೂ ಹಿಟ್ಟು ಹಾಸಿಗೆಯ ಮೇಲೆ ಚೆಲ್ಲುವುದಿಲ್ಲ.

ಹೀಗೆ ಮಾಡಿದ ಚೆಂಡಿಗೆ ಒಂದು ವಿಶೇಷ ಗುಣವಿದೆ. ಬೆರಳಿನಿಂದ ಒತ್ತಿದ ಕುಳಿ ಒತ್ತಿದಂತೆಯೇ ನಿಲ್ಲುತ್ತದೆ. ಮೂಗು, ಕಿವಿ ತಿದ್ದಿದರೆ ಹಾಗೆಯೇ ಉಳಿಯುತ್ತವೆ. ಗಾಳಿ ತುಂಬಿದ ಚೆಂಡು ಹೀಗೆ ಹೇಳಿದ ಮಾತು ಕೇಳದು. ಕಾರಣ ಸರಳ: ಗಾಳಿಯನ್ನು ತೆಗೆದುಹಾಕಿದ ಮೇಲೆ ರಬ್ಬರಿನ ಬಿಗಿತ ಹಿಟ್ಟಿನ ಕಣಗಳನ್ನು ಎಲ್ಲ ಕಡೆಯಿಂದಲೂ ಒತ್ತಿಹಿಡಿಯುತ್ತದೆ, ಕಣಕ್ಕೂ ಕಣಕ್ಕೂ ಇರುವ ಘರ್ಷಣೆ ಆಕಾರವನ್ನು ಕಾಯುತ್ತದೆ. ಗಾಳಿ ತೆಗೆದು ಕಟ್ಟಿದ ಕಾಫಿಪುಡಿಯ ಪೊಟ್ಟಣ ಇಟ್ಟಿಗೆಯಂತೆ ಗಟ್ಟಿಯಾಗಿದ್ದು, ಒಂದು ಮೂಲೆಯನ್ನು ಕತ್ತರಿಸಿದೊಡನೆ ಮೆತ್ತಗಾಗುವುದನ್ನು ಗೃಹಿಣಿಯರು ಕಂಡಿಲ್ಲವೆ? ಅದೂ ಇದೇ ತತ್ತ್ವ.

ಹಿಟ್ಟಿಗೆ ಬದಲಾಗಿ ಬೇರೆ ಬೇರೆ ಧಾನ್ಯಗಳನ್ನು ತುಂಬಿದರೆ ಒಂದೊಂದರ ಸ್ಪರ್ಶವೂ ಬೇರೆ. ರಾಗಿಯ ಕಾಳು ಬೆರಳ ಸಂದಿಯಲ್ಲಿ ಮರಳಿನಂತೆ ಹರಿದಾಡುತ್ತದೆ. ಸಾಸಿವೆ ಅದಕ್ಕಿಂತ ನುಣುಪು. ಅಕ್ಕಿ ಕರಕರ ಸದ್ದು ಮಾಡುತ್ತದೆ. ಸಬ್ಬಕ್ಕಿ ಸಣ್ಣ ಗೋಲಿಗಳಂತೆ ಉರುಳುತ್ತದೆ. ಒಂದೊಂದನ್ನು ಒಂದೊಂದು ಚೆಂಡಿಗೆ ತುಂಬಿ, ಕಣ್ಣು ಮುಚ್ಚಿ ಯಾವುದರಲ್ಲಿ ಯಾವುದಿದೆಯೆಂದು ಹೇಳುವ ಪಂದ್ಯ ಹೂಡಿದರೆ ಮಳೆಗಾಲದ ಒಂದು ಸಂಜೆ ಕಳೆದುದೇ ತಿಳಿಯದು. ನಮ್ಮ ನೆರೆಮನೆಯಲ್ಲಿ ಈ ಪಂದ್ಯ ನಡೆದಾಗ ಎಲ್ಲವನ್ನೂ ತಪ್ಪದೆ ಹೇಳಿದವರು ಕಣ್ಣು ಮಂಜಾದ ಅಜ್ಜಿಯೊಬ್ಬರೇ! ಐವತ್ತು ವರ್ಷ ಮೊರ ಹಿಡಿದ ಕೈಗಳು ಅವು.

ರಬ್ಬರು ಬೇಡವೆನ್ನುವವರಿಗೆ ಬಟ್ಟೆಯ ಚೆಂಡು ಇದೆ. ಲಗೋರಿಯಾಡಿದ ತಲೆಮಾರಿಗೆ ಇದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಜೊತೆಗಾರನನ್ನು ಕಳೆದುಕೊಂಡ ಒಂಟಿ ಕಾಲುಚೀಲ ಪ್ರತಿಯೊಂದು ಮನೆಯಲ್ಲಿಯೂ ಇರುತ್ತದೆ. ಅದರ ತುದಿಗೆ ಒಂದು ಹಿಡಿ ರಾಗಿಯನ್ನು ಹಾಕಿ, ದಾರದಿಂದ ಬಿಗಿಯಾಗಿ ಕಟ್ಟಿ, ಮೇಲಿನ ಭಾಗವನ್ನು ಅದರ ಮೇಲೆಯೇ ಮಡಚಿ ಎರಡು ಸುತ್ತು ಹೊಲಿಗೆ ಹಾಕಬೇಕು. ಬೂರುಗದ ಹತ್ತಿ ದೊರೆತರೆ ರಾಗಿಯ ಸುತ್ತ ಒಂದು ಪದರ ಸುತ್ತಿ ಹೊಲಿಯಬಹುದು. ಮೇಲೆ ಮೆತ್ತಗೆ, ಒಳಗೆ ಭಾರ. ಕೊಳೆಯಾದರೆ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಒಗೆಯಬಹುದೆಂಬುದು ಇದರ ಇನ್ನೊಂದು ಅನುಕೂಲ.

ಚೆಂಡಿನ ಕಟ್ಟುಪಾಡೇ ಬೇಡ, ಹಿಂಡಬೇಕು, ನಾದಬೇಕು, ಬೇಕಾದ ಆಕಾರ ಕೊಡಬೇಕು ಎನ್ನುವ ಮಕ್ಕಳಿಗೆ ಮೈದಾದ ಕಣಕವೇ ಸರಿ. ಚಪಾತಿ ಲಟ್ಟಿಸುವಾಗ ಪಕ್ಕದಲ್ಲಿ ಕುಳಿತ ಮಗುವಿಗೆ ಒಂದು ಉಂಡೆ ಹಿಟ್ಟು ಕೊಟ್ಟು ಸುಮ್ಮನಿರಿಸುವ ವಿದ್ಯೆ ನಮ್ಮ ತಾಯಂದಿರಿಗೆ ಯಾರೂ ಕಲಿಸಿದುದಲ್ಲ. ಆ ಹಿಟ್ಟು ಸಂಜೆಯೊಳಗೆ ಒಣಗಿ ಬಿರಿಯುತ್ತದೆ ಎಂಬುದೊಂದೇ ಕೊರತೆ. ಒಂದು ಬಟ್ಟಲು ಮೈದಾ, ಅರ್ಧ ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲು ನೀರು, ಒಂದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ, ಇವಿಷ್ಟನ್ನೂ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಪಾತ್ರೆಯ ತಳ ಬಿಟ್ಟು ಮುದ್ದೆಯಾದಾಗ ಇಳಿಸಿ, ಆರಿದ ಮೇಲೆ ಚೆನ್ನಾಗಿ ನಾದಿದರೆ ರೇಷ್ಮೆಯಂಥ ಕಣಕವಾಗುತ್ತದೆ. ಅರಿಸಿನವನ್ನೋ ಬೀಟ್‌ರೂಟಿನ ರಸವನ್ನೋ ಸೇರಿಸಿದರೆ ಬಣ್ಣಕ್ಕೂ ಕೊರತೆಯಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಕೆಲವು ವಾರ ಕೆಡದೆ ಉಳಿಯುತ್ತದೆ. ಉಪ್ಪು ವಿಪರೀತವಾಗಿರುವುದರಿಂದ ಮಗುವೂ ಮನೆಯ ನಾಯಿಯೂ ಇದನ್ನು ತಿನ್ನದಂತೆ ನೋಡಿಕೊಳ್ಳಬೇಕು.

ಪ್ರಪಂಚದಲ್ಲೆಲ್ಲ ಹೆಸರಾದ ‘ಪ್ಲೇ-ಡೋ’ ಎಂಬ ಆಟಿಕೆಯೂ ಇದೇ ಕುಲಕ್ಕೆ ಸೇರಿದುದು. ಅದರ ಪೂರ್ವಾಶ್ರಮದ ಕತೆ ಸ್ವಾರಸ್ಯವಾಗಿದೆ. ಅಮೆರಿಕದ ಸಿನ್ಸಿನಾಟಿ ನಗರದ ಒಂದು ಸಾಬೂನಿನ ಕಂಪನಿ 1930ರ ದಶಕದಲ್ಲಿ ಗೋಡೆಕಾಗದವನ್ನು ಉಜ್ಜುವ ಹಿಟ್ಟಿನ ಮುದ್ದೆಯೊಂದನ್ನು ಮಾರುತ್ತಿತ್ತು. ಕಲ್ಲಿದ್ದಲಿನ ಒಲೆಗಳಿಂದ ಗೋಡೆಗೆ ಹಿಡಿದ ಮಸಿಯನ್ನು ಅದು ಎತ್ತಿಕೊಳ್ಳುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಕಲ್ಲಿದ್ದಲು ಹೋಗಿ ಅನಿಲ ಬಂದಿತು; ನೀರಿನಲ್ಲಿ ತೊಳೆಯಬಹುದಾದ ಗೋಡೆಹೊದಿಕೆಯೂ ಬಂದಿತು; ಕಂಪನಿ ಮುಳುಗುವ ಸ್ಥಿತಿಗೆ ಬಂದಿತು. ಆಗ ಕೇ ಜುಫಾಲ್ ಎಂಬ ಶಿಶುವಿಹಾರದ ಶಿಕ್ಷಕಿ ತನ್ನ ಮಕ್ಕಳ ಕೈಗೆ ಆ ಮುದ್ದೆಯನ್ನು ಕೊಟ್ಟು, ಅವು ಹಿಗ್ಗಿ ಆಡಿದುದನ್ನು ಕಂಡು, ಇದನ್ನು ಆಟಿಕೆಯಾಗಿ ಮಾರಬಾರದೇಕೆ ಎಂದಳು. 1956ರಲ್ಲಿ ಅದು ಹೊಸ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಗೋಡೆಯ ಮಸಿ ತೆಗೆಯುತ್ತಿದ್ದ ಹಿಟ್ಟು ಹೀಗೆ ಮಕ್ಕಳ ಮೊಗದ ಮಂಕನ್ನು ತೆಗೆಯಲು ನಿಂತಿತು.

ಕೊನೆಯದಾಗಿ, ಚಮತ್ಕಾರಪ್ರಿಯರಿಗಾಗಿ ಒಂದು ಬಗೆ. ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಜೋಳದ ಪಿಷ್ಟ ಎರಡು ಪಾಲು, ನೀರು ಒಂದು ಪಾಲು, ಒಂದು ತಟ್ಟೆಯಲ್ಲಿ ಕಲಸಿ. ಬೆರಳನ್ನು ಮೆಲ್ಲಗೆ ಇಳಿಸಿದರೆ ನೀರಿನಂತೆ ಒಳಬಿಡುತ್ತದೆ. ಮುಷ್ಟಿಯಿಂದ ಗುದ್ದಿದರೆ ಕಲ್ಲಿನಂತೆ ತಡೆಯುತ್ತದೆ. ಹಿಂಡಿದರೆ ಉಂಡೆ, ಬಿಟ್ಟರೆ ಧಾರೆ. ಗದರಿಸಿದರೆ ಗಟ್ಟಿಯಾಗಿ, ಮೃದುವಾಗಿ ನುಡಿದರೆ ದಾರಿಬಿಡುವ ಈ ಸ್ವಭಾವವನ್ನು ಮನೆಮಕ್ಕಳಲ್ಲಿ ಕಾಣದವರು ಯಾರು? ಆಟ ಮುಗಿದ ಮೇಲೆ ಇದನ್ನು ಬಚ್ಚಲಿಗೆ ಸುರಿಯಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಒಣಗಿಸಿ ಕಸಕ್ಕೆ ಹಾಕಿ.

ಇನ್ನು ಎಚ್ಚರಿಕೆಯ ಮಾತು. ಇದನ್ನು ಹಾರಿಸಿ ಓದಬಾರದೆಂದು ವಾಚಕರಲ್ಲಿ ವಿನಂತಿ. ಊದದ ಬಲೂನೂ ಒಡೆದ ಬಲೂನಿನ ಚೂರೂ ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿದರೆ ಉಸಿರುದಾರಿಯನ್ನು ಅಚ್ಚುಹಾಕಿದಂತೆ ಮುಚ್ಚಿಬಿಡುತ್ತವೆ. ಅಮೆರಿಕದಲ್ಲಿ 1994ರ ಕಾನೂನು ಬಲೂನಿನ ಪೊಟ್ಟಣಗಳ ಮೇಲೆ 8 ವರ್ಷಕ್ಕಿಂತ ಚಿಕ್ಕ ಮಕ್ಕಳ ಬಗ್ಗೆ ಎಚ್ಚರಿಕೆಯನ್ನು ಅಚ್ಚು ಮಾಡಬೇಕೆಂದು ವಿಧಿಸಿದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಟ್ಟೆಯ ಚೆಂಡೇ ಲೇಸು. ಅದರ ಹೊಲಿಗೆ ಬಿಚ್ಚಿ ಕಾಳು ಹೊರಬೀಳದಂತೆಯೂ ನೋಡಿಕೊಳ್ಳಬೇಕು. ರಬ್ಬರು ಮೈಗೆ ಒಗ್ಗದೆ ಕೈಯಲ್ಲಿ ಗಂಧೆಯೇಳುವವರಿಗೂ ಬಟ್ಟೆಯೇ ಸರಿ. ಅಂಟುಮುದ್ದೆ ಮಾಡಲೆಂದು ಬಿಳಿಗಾರವನ್ನು ನೀರಿನಲ್ಲಿ ಕದಡಿ ಮಕ್ಕಳ ಕೈಗೆ ಕೊಡುವ ಪದ್ಧತಿಯೊಂದಿದೆ. ಅದು ಬೇಡ, ಹೊಟ್ಟೆಗೆ ಹೋದರೆ ವಿಷ. ಅಂಗಡಿಯ ಆಟಿಕೆಗಳೂ ನಿರ್ದೋಷಿಗಳೆಂದು ತಿಳಿಯಬಾರದು. 2018ರಲ್ಲಿ ಡೆನ್ಮಾರ್ಕಿನ ಪರಿಸರ ಇಲಾಖೆ 12 ಬಗೆಯ ಸ್ಕ್ವಿಶಿಗಳನ್ನು ಪರೀಕ್ಷಿಸಿ, ಹನ್ನೆರಡರಿಂದಲೂ ಹಾನಿಕರವಾದ ರಾಸಾಯನಿಕ ಆವಿಗಳು ಹೊರಡುತ್ತಿರುವುದನ್ನು ಕಂಡು, ಅವನ್ನು ಅಂಗಡಿಗಳಿಂದ ಹಿಂತೆಗೆಯುವಂತೆ ಮಾಡಿತು. ಕೊಂಡ ಆಟಿಕೆಗೆ ಕಟುವಾದ ವಾಸನೆಯಿದ್ದರೆ ಅದನ್ನು ಮಗುವಿನ ದಿಂಬಿನ ಪಕ್ಕದಲ್ಲಿ ಇಡಬೇಡಿ. ಒಳಗೆ ಜೆಲ್ಲಿ ತುಂಬಿದ ಆಟಿಕೆಗಳನ್ನು ಮೈಕ್ರೊವೇವ್ ಒಲೆಯಲ್ಲಿಟ್ಟು ಬಿಸಿಮಾಡಿ, ಅವು ಸಿಡಿದು ಮಕ್ಕಳಿಗೆ ಸುಟ್ಟಗಾಯಗಳಾದ ಸುದ್ದಿಯೂ ಅಮೆರಿಕದಿಂದ ಬಂದಿದೆ.

ಇಷ್ಟೆಲ್ಲ ಮಾಡಿ ಹಿಂಡಿದರೆ ಚಿಂತೆ ನಿಜವಾಗಿಯೂ ಕರಗುವುದೆ ಎಂದು ಪ್ರಾಜ್ಞರು ಕೇಳಬಹುದು. ಮೆದುಳಿನ ಮೇಲ್ಪದರದಲ್ಲಿ ಕೈಗೆ ಮೀಸಲಾದ ಜಾಗ ಬಲು ವಿಶಾಲವಾದುದೆಂದು ಕೆನಡದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1937ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ. ಇಡೀ ಬೆನ್ನಿಗೆ ದೊರೆತಿರುವುದಕ್ಕಿಂತ ಹೆಚ್ಚಿನ ಜಾಗ ಒಂದು ಅಂಗೈಗೂ ಬೆರಳುಗಳಿಗೂ ದೊರೆತಿದೆ. ಸ್ನಾಯುವನ್ನು ಬೇಕೆಂದೇ ಬಿಗಿದು ಅನಂತರ ಸಡಿಲಿಸುವುದನ್ನು ಅಭ್ಯಾಸ ಮಾಡಿದರೆ ಮನಸ್ಸಿಗೂ ಬಿಡುವು ದೊರೆಯುತ್ತದೆಂದು ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯ 1929ರಲ್ಲಿ ಒಂದು ಗ್ರಂಥವನ್ನೇ ಬರೆದ. 2015ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಚ್ಚರವಿರುವಾಗಲೇ ಕಾಲಿನ ಉಬ್ಬುನರಗಳ ಶಸ್ತ್ರಕ್ರಿಯೆಗೆ ಒಳಗಾದವರ ಪೈಕಿ ಕೈಯಲ್ಲಿ ಇಂಥ ಚೆಂಡನ್ನು ಹಿಡಿದವರಿಗೆ ಆತಂಕ ಕಡಮೆಯಾಗಿತ್ತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ: ಪಕ್ಕದಲ್ಲಿ ಕುಳಿತು ಮಾತನಾಡುವ ದಾದಿಯಿದ್ದವರಿಗೂ ಆತಂಕ ಕಡಮೆಯಾಗಿತ್ತು. ಚೆಂಡಿನಲ್ಲಿ ಎಷ್ಟು ಗುಣವಿದೆಯೋ ಪಕ್ಕದಲ್ಲಿ ಕುಳಿತ ಮನುಷ್ಯನಲ್ಲಿಯೂ ಗುಣವಿದೆಯೆಂದು ನಾನು ಇದರಿಂದ ತಿಳಿದುಕೊಂಡೆ.

ನಮ್ಮ ಬೀದಿಯಲ್ಲಿಯೇ ಇದಕ್ಕೊಂದು ನಿದರ್ಶನ ದೊರೆಯಿತು. ಮೇಲೆ ಹೇಳಿದ ನೆರೆಮನೆಯ ಅಜ್ಜಿಯ ಮೊಮ್ಮಗ ಎರಡನೆಯ ವರ್ಷದ ಪಿ.ಯು. ಓದುತ್ತಿದ್ದ. ಸಾಧು ಹುಡುಗ, ಉಗುರು ಕಚ್ಚುವುದೊಂದೇ ದುರಭ್ಯಾಸ. ಅದನ್ನು ಬಿಡಿಸಲೆಂದು ಅವನ ತಾಯಿ ರಾಗಿಯ ಚೆಂಡೊಂದನ್ನು ಹೊಲಿದುಕೊಟ್ಟರು. ಹದಿನೈದು ದಿನಗಳೊಳಗೆ ಚೆಂಡಿನ ಬಟ್ಟೆ ಸವೆದು, ಹುಡುಗನ ಕೋಣೆಯಿಂದ ನಡುಮನೆಯವರೆಗೆ ರಾಗಿ ಉದುರತೊಡಗಿತು. ತಾಯಿ ಗುಡಿಸಿ ಎಸೆದರು. ತಂದೆ ಕಾಲಿಗೆ ಚುಚ್ಚುತ್ತದೆಂದು ಗೊಣಗಿದರು. ಅಜ್ಜಿ ಮಾತ್ರ ಸೂಜಿದಾರವನ್ನು ತೆಗೆದುಕೊಂಡು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಸೂಜಿಗೆ ದಾರ ಪೋಣಿಸಿಕೊಡು, ಮರಿ. ನನಗೆ ಕಣ್ಣು ಕಾಣದು,” ಎಂದರು. ಅವನು ಪೋಣಿಸಿಕೊಟ್ಟ. ಅಜ್ಜಿ ಬೆರಳಿನಿಂದ ಹರಕನ್ನು ತಡವಿ, “ಎಂಥ ಗಟ್ಟಿ ಬಟ್ಟೆ ಇದು! ಏನಪ್ಪಾ ಅಷ್ಟೊಂದು ಹಿಂಡಿದ್ದು?” ಎಂದು ಕೇಳಿದರು.

ಹುಡುಗ ತಟ್ಟೆಯಲ್ಲಿದ್ದ ರಾಗಿಯಿಂದ ಕಣ್ಣೆತ್ತಲಿಲ್ಲ. ಎರಡು ಹಿಡಿ ರಾಗಿ ಚೆಂಡಿಗೆ ಬಿದ್ದ ಮೇಲೆ, “ಗಣಿತದಲ್ಲಿ ಫೇಲಾಗಿದ್ದೀನಿ, ಅಜ್ಜಿ. ಅಪ್ಪನಿಗೆ ಹೇಳಿಲ್ಲ. ಅಂಕಪಟ್ಟಿ ತಿಂಗಳಿಂದ ಪುಸ್ತಕದೊಳಗೇ ಇದೆ,” ಎಂದ.

ಅಜ್ಜಿ ಹೊಲಿಗೆಯನ್ನು ನಿಲ್ಲಿಸಲಿಲ್ಲ. “ಅಂಕಪಟ್ಟಿ ಹಿಡಿದುಕೊಂಡು ಬಾ. ಇದೊಂದು ಗಂಟು ಹಾಕಿದ ಮೇಲೆ ಇಬ್ಬರೂ ಹೋಗಿ ಹೇಳೋಣ,” ಎಂದರು. ಹೇಳಿದರು ಕೂಡ. ಅಂದು ಸಂಜೆ ಆ ಮನೆಯಲ್ಲಿ ತಂದೆಯ ಧ್ವನಿ ಸ್ವಲ್ಪ ಏರಿತೆಂಬುದು ನಿಜ. ಹತ್ತು ನಿಮಿಷದಲ್ಲಿ ಇಳಿಯಿತೆಂಬುದೂ ನಿಜ. ಮರುವಾರದಿಂದ ಹುಡುಗನಿಗೆ ಗಣಿತದ ಪಾಠಕ್ಕೆ ಏರ್ಪಾಡಾಯಿತು. ಇದನ್ನೆಲ್ಲ ನನಗೆ ಹೇಳಿದವರು ಆ ತಂದೆಯವರೇ. “ನಾನು ಎದುರಿಗೆ ನಿಲ್ಲಿಸಿಕೊಂಡು ಮೂರು ಸಲ ಕೇಳಿದ್ದೆ, ಮೇಷ್ಟ್ರೇ. ಬಾಯೇ ಬಿಡಲಿಲ್ಲ,” ಎಂದು ಅವರು ಅಚ್ಚರಿಪಟ್ಟರು.

ಅಚ್ಚರಿಗೆ ಕಾರಣವಿಲ್ಲ. ಎದುರಿಗೆ ನಿಲ್ಲಿಸಿ ಕೇಳಿದರೆ ಅದು ವಿಚಾರಣೆ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರೆ ಅದು ಮಾತು. ಅವರೆಕಾಯಿ ಸುಲಿಯುವಾಗ, ಹೂ ಕಟ್ಟುವಾಗ, ಹಪ್ಪಳ ಒತ್ತುವಾಗ ನಮ್ಮ ಮನೆಗಳಲ್ಲಿ ಎಷ್ಟು ಸಂಕಟಗಳು ಹೊರಬಂದು ಹಗುರಾಗಿವೆಯೆಂಬುದಕ್ಕೆ ಲೆಕ್ಕವುಂಟೆ? ಕೈಗೆ ಕೆಲಸವಿದ್ದಾಗ ಕಣ್ಣು ಕಣ್ಣನ್ನು ಎದುರಿಸಬೇಕಾಗಿಲ್ಲ; ಮೌನ ಬಿದ್ದರೂ ಅದು ಭಾರವೆನಿಸುವುದಿಲ್ಲ. ಆ ಕೆಲಸಗಳೆಲ್ಲ ಒಂದೊಂದಾಗಿ ಅಂಗಡಿಗೆ ವರ್ಗವಾಗಿವೆ. ಒಂದೇ ಸೋಫದ ಮೇಲೆ ಕುಳಿತ ನಾಲ್ವರ ಕೈಯಲ್ಲಿ ಈಗ ನಾಲ್ಕು ಮೊಬೈಲುಗಳಿವೆ. ಹಿಂಡುವ ಚೆಂಡನ್ನು ಮನೆಯಲ್ಲಿ ಮಾಡಿರೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಅದರಿಂದ ಉಳಿಯುವ ಹಣವಲ್ಲ, ಆ ಅರ್ಧ ಗಂಟೆ.

ಚೆಂಡಿನ ಮಿತಿಯನ್ನೂ ಅರಿತಿರಬೇಕು. ಮಗು ವಾರಗಟ್ಟಲೆ ಊಟ ನಿದ್ರೆ ಬಿಟ್ಟರೆ, ಗೆಳೆಯರಿಂದ ದೂರ ಸರಿದರೆ, ಬದುಕೇ ಬೇಡವೆಂಬ ಮಾತನ್ನಾಡಿದರೆ, ಚೆಂಡು ಕೊಟ್ಟು ಸಮಾಧಾನಪಡುವಂತಿಲ್ಲ, ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ‘ಟೆಲಿ-ಮಾನಸ್’ ಎಂಬ ಉಚಿತ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಪಂಚಾಂಗದ ಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ದುಡಿಮೆಗೆ ಅನ್ವಯಿಸಿ ವಿವರಿಸುವುದು ನಮ್ಮ ತರಗತಿಗಳ ಪದ್ಧತಿ. ಕೈಗೆ ಹಿಟ್ಟು ಮೆತ್ತಿದರೆ ಬಾಯಿ ಬಿಚ್ಚುತ್ತದೆ ಎಂದು ಅದಕ್ಕೊಂದು ಪಾಠಾಂತರವನ್ನು ಸೇರಿಸಬಹುದೆಂದು ತೋರುತ್ತದೆ. ಬರುವ ಭಾನುವಾರ ಎರಡು ಬಲೂನು, ಅರ್ಧ ಬಟ್ಟಲು ಹಿಟ್ಟು ತೆಗೆದಿಡಿ. ಗಂಟು ಹಾಕುವ ಭಾಗವನ್ನು ಮಾತ್ರ ದೊಡ್ಡವರು ವಹಿಸಿಕೊಂಡು, ಉಳಿದುದನ್ನು ಮಕ್ಕಳಿಗೆ ಬಿಡಿ.